ಸೆಪ್ಟಾಳನ್ನು ಯಾರೂ ಕರೆಯಲಿಲ್ಲ

ನನ್ನ ತಂಗಿಯ ಮುಖ ಗೊತ್ತಿಲ್ಲದವರು ಐರ್ಲೆಂಡಿನಲ್ಲಿ ಯಾರಾದರೂ ಇದ್ದರೆ ಅವರು ನಿನ್ನೆ ಹುಟ್ಟಿದ ಕೂಸುಗಳಿರಬೇಕು. ರೂಬಿ ಲೇನ್ ಎಂದರೆ ಸಾಕು, ಡಬ್ಲಿನ್ನಿನ ಟ್ಯಾಕ್ಸಿಯವನಿಂದ ಹಿಡಿದು ಕೆರ್ರಿಯಲ್ಲಿ ಕುರಿ ಮೇಯಿಸುವವನವರೆಗೆ ಎಲ್ಲರ ಮುಖವೂ ಅರಳುತ್ತದೆ. ಬೆಣ್ಣೆಯ ಜಾಹೀರಾತಿನಲ್ಲಿ ಅವಳೇ, ಕ್ರಿಸ್‌ಮಸ್ ಹಿಂದಿನ ವಾರದ ಟಿವಿ ಕಾರ್ಯಕ್ರಮದಲ್ಲಿ ಅವಳೇ, ಮಕ್ಕಳ ನಾಟಕದ ಮುದಿ ಮಾಟಗಾತಿಯೂ ಅವಳೇ. ನಮಗೆ ಮಾತ್ರ ಅವಳು ಸೆಪ್ಟಾ. ಚರ್ಚಿನಲ್ಲಿ ಇಟ್ಟ ಹೆಸರು ಕನ್ಸೆಪ್ಟಾ. ಹದಿನಾರನೇ ವಯಸ್ಸಿಗೆ ಅವಳನ್ನು ತನ್ನ ಬ್ಯಾಂಡಿಗೆ ಸೇರಿಸಿಕೊಂಡ ಟೂಹಿ ಎಂಬಾತ ಆ ಹೆಸರು ಕೇಳಿ ಹಣೆ ಚಚ್ಚಿಕೊಂಡನಂತೆ.

"ಕನ್ಸೆಪ್ಟಾ ಅಂದ್ರೆ ಜನ ಕುಣಿಯಲ್ಲ ಕಣಮ್ಮಾ, ಮಂಡಿಯೂರಿ ಪ್ರಾರ್ಥನೆಗೆ ಕೂತ್ಬಿಡ್ತಾರೆ."

ನಾನು ಅಟ್ರಾಕ್ಟ, ಅವಳಿಗಿಂತ ಎರಡು ವರ್ಷ ದೊಡ್ಡವಳು. ನನ್ನದೂ ಒಬ್ಬ ಸಂತಳ ಹೆಸರೇ, ಆದರೆ ಅದನ್ನು ಬದಲಾಯಿಸುವ ಪ್ರಮೇಯವೇ ಬರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ದೇವರು ಕಂಠವನ್ನೆಲ್ಲ ಅವಳಿಗೇ ಕೊಟ್ಟು ನನ್ನ ಕೈಬಿಟ್ಟ. ಶಾಲೆಯಲ್ಲಿ ಮೇ ತಿಂಗಳ ಮೆರವಣಿಗೆಗೆ ಮಾತೆ ಮರಿಯಳ ಹಾಡು ಕಲಿಸುವಾಗ ಸಿಸ್ಟರ್ ಫಿಡೆಲ್ಮಾ ನನ್ನ ಮುಂದೆ ನಿಂತು, ಕಿವಿಯಿಟ್ಟು ಕೇಳಿ, ಮೆಲ್ಲಗೆ ಹೇಳಿದರು: "ನೀನು ತುಟಿ ಮಾತ್ರ ಅಲ್ಲಾಡ್ಸು, ಅಟ್ರಾಕ್ಟ. ದೇವರಿಗೆ ಅರ್ಥ ಆಗುತ್ತೆ." ಅಂದಿನಿಂದ ನಾನು ತುಟಿಯನ್ನಷ್ಟೇ ಅಲ್ಲಾಡಿಸಿಕೊಂಡು ಬಂದೆ. ಮನೆಯ ಹಸುವಿನ ಮುಂದೆ ಕೂಡ ಹಾಡಿದವಳಲ್ಲ.

ಹಾಡದವರಿಗೆ ನಮ್ಮ ಕಡೆ ಒಂದು ನಷ್ಟವಿದೆ. ಲೀಟ್ರಿಮ್‌ನ ನಮ್ಮ ಕೆರೆಯಂಚಿನ ಮನೆಯಲ್ಲಿ, ಕ್ರಿಸ್‌ಮಸ್‌ನ ಮರುದಿನ, ಸ್ಟೀಫನ್ ಸಂತನ ದಿನ, ಮಧ್ಯಾಹ್ನದ ಊಟ ಮುಗಿಸಿ ಬಂಧುಬಳಗ, ನೆರೆಹೊರೆಯೆಲ್ಲ ಅಡುಗೆಮನೆಯ ಒಲೆಯ ಸುತ್ತ ಕೂರುತ್ತದೆ. ಒಬ್ಬರು ಹಾಡುತ್ತಾರೆ. ಹಾಡಿ ಮುಗಿಸಿದವರಿಗೆ ಮುಂದೆ ಯಾರು ಹಾಡಬೇಕೆಂದು ಹೆಸರು ಹಿಡಿದು ಕರೆಯುವ ಹಕ್ಕು. ಕರೆದರೆ ಏಳಲೇಬೇಕು. ಕರೆಯದೆ ಏಳುವುದು ಕರೆಯದ ಮದುವೆಗೆ ಹೋಗಿ ಮೊದಲ ಪಂಕ್ತಿಗೆ ಕೂತಷ್ಟೇ ನಾಚಿಕೆಗೇಡು. ಹಾಡದವರಿಗೆ ಯಾರನ್ನೂ ಕರೆಯುವ ಹಕ್ಕಿಲ್ಲ. ಅವರು ಟೀ ಮಾಡಬೇಕು. ಹಾಗಾಗಿ ನಾನು ಬದುಕಿಡೀ ಟೀ ಮಾಡಿದೆ.

ಇನ್ನೊಂದು ಮಾತೂ ಉಂಟು, ಇದು ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಒಬ್ಬೊಬ್ಬರಿಗೆ ಒಂದೊಂದು ಹಾಡು. ಅವ್ವನಿಗೆ ಒಂದು, ನೆರೆಮನೆಯ ಬಾರ್ನಿ ಫೀನಿಗೆ ಒಂದು, ಅವನ ಹೆಂಡತಿ ಲೆಲಿಯಾಗೆ ಒಂದು. ಅದು ಅವರದು. ಅವರಿರುವ ಕೋಣೆಯಲ್ಲಿ ಬೇರೆ ಯಾರೂ ಅದನ್ನು ಬಾಯಿಗೆ ತಂದುಕೊಳ್ಳುವಂತಿಲ್ಲ. ಏಳೆಂಟು ವರ್ಷದ ಮಕ್ಕಳನ್ನು ಮೊದಲ ಸಲ ಕರೆದಾಗ ಅವು ನಾಚಿ, "ನನ್ನ ಹತ್ರ ಹಾಡಿಲ್ಲ" ಅನ್ನುತ್ತವೆ. ಆಗ ದೊಡ್ಡವರು, "ಹಾಗಾದ್ರೆ ಬರೋ ವರ್ಷಕ್ಕೆ ಒಂದು ಕಲ್ತುಕೊಂಡು ಬಾ" ಎಂದು ಬಿಟ್ಟುಬಿಡುತ್ತಾರೆ. ಹಾಗೆ ಹೇಳಿಸಿಕೊಂಡ ಮಗು ಆ ಕೋಣೆಯ ಲೆಕ್ಕಕ್ಕೆ ಸೇರಿತು ಎಂದರ್ಥ.

ಅವ್ವನ ತಮ್ಮ ಫೆಲಿಮ್ ಮಾವನಿಗೂ ಒಂದು ಹಾಡಿತ್ತು. ಮಾವ ಮದುವೆಯಾಗದ ಮನುಷ್ಯ, ಗುಡ್ಡದಾಚೆ ಏಳೆಂಟು ದನ ಕಟ್ಟಿಕೊಂಡು ಒಬ್ಬನೇ ಇದ್ದ. ಸಂಕೋಚ ಎಷ್ಟೆಂದರೆ ಚರ್ಚಿನಲ್ಲಿ ಬಾಗಿಲ ಸಂದಿಯಲ್ಲೇ ನಿಲ್ಲುತ್ತಿದ್ದ, ದನದ ಸಂತೆಯಲ್ಲಿ ಅವನ ಪರವಾಗಿ ಬಾರ್ನಿಯ ಅಪ್ಪ ಚೌಕಾಸಿ ಮಾಡಬೇಕಿತ್ತು. ವರ್ಷಕ್ಕೊಮ್ಮೆ, ಆ ಅಡುಗೆಮನೆಯಲ್ಲಿ, ಯಾರಾದರೂ "ಫೆಲಿಮ್" ಎಂದರೆ ಅವನು ಟೋಪಿ ತೆಗೆದು ಮಂಡಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, "ಎಲ್ಲೆನಳ ದೋಣಿ" ಎಂಬ ಹಾಡನ್ನು ತೆಗೆಯುತ್ತಿದ್ದ. ಐದು ಚರಣ. ಪಕ್ಕದಲ್ಲಿ ಕೂತವರು ಅವನ ಕೈ ಹಿಡಿದು, ಬಾವಿಯ ರಾಟೆ ತಿರುಗಿಸುವ ಹಾಗೆ ನಿಧಾನವಾಗಿ ತಿರುಗಿಸುತ್ತಿದ್ದರು. ನಮ್ಮಲ್ಲಿ ಹಾಡುವವರಿಗೆ ಧೈರ್ಯ ಕೊಡುವುದು ಹಾಗೆ. ಕೊನೆಯ ಸಾಲನ್ನು ಹಾಡದೆ, ಮಾತಿನಲ್ಲಿ ಆಡಿ ಮುಗಿಸುತ್ತಿದ್ದ. ಆ ಐದು ಚರಣದ ಹೊತ್ತು ಅವನಷ್ಟು ದೊಡ್ಡ ಮನುಷ್ಯ ಜಿಲ್ಲೆಯಲ್ಲಿ ಬೇರೆ ಇರಲಿಲ್ಲ. ಮಿಕ್ಕ ದಿನವೆಲ್ಲ ಆ ಒಂದು ಗಳಿಗೆಯ ಬಲದ ಮೇಲೆ ಬದುಕುತ್ತಿದ್ದ ಅಂತ ನನಗೆ ಈಗ ಅನಿಸುತ್ತದೆ.

ಸೆಪ್ಟಾ ಟೂಹಿಯ ಬ್ಯಾಂಡ್ ಸೇರಿದ ಮರುವರ್ಷ ಅವಳ ಮೊದಲ ಗ್ರಾಮಫೋನ್ ತಟ್ಟೆ ಬಂತು. ಮುಂಬದಿಗೆ ಚಾಕೊಲೇಟು, ಚುಂಬನ, ಶನಿವಾರ ಎಂದೇನೋ ಒಂದು ಕುಣಿತದ ಹಾಡು. ಹಿಂಬದಿಗೆ ತುಂಬಿಸಲು ಇನ್ನೊಂದು ಬೇಕಿತ್ತು. ಸ್ಟುಡಿಯೋದಲ್ಲಿ ಹೊತ್ತು ಮೀರಿತ್ತು, ಟೂಹಿ ಗಡಿಯಾರ ನೋಡುತ್ತಿದ್ದ. ಇವಳು, "ನಮ್ಮ ಮಾವಂದು ಒಂದಿದೆ" ಅಂದಳು. ಅವರು ಅದಕ್ಕೆ ಡ್ರಮ್ ಸೇರಿಸಿದರು, ನಡುವೆ "ಲಾ ಲಾ" ಸೇರಿಸಿದರು, ತಟ್ಟೆಯಲ್ಲಿ ಜಾಗವಿಲ್ಲವೆಂದು ಕಡೆಯ ಎರಡು ಚರಣ ಕತ್ತರಿಸಿದರು. ಮೊದಲ ಮೂರು ಚರಣದಲ್ಲಿ ಎಲ್ಲೆನ್ ಹೊಸ ಲಂಗ ಉಟ್ಟು ದೋಣಿ ಹತ್ತುತ್ತಾಳೆ, ಆಚೆ ದಡದಲ್ಲಿ ಕುಣಿಯುತ್ತಾಳೆ, ನಗುತ್ತ ಹೊರಡುತ್ತಾಳೆ. ಮಂಜು ಕವಿಯುವುದು ನಾಲ್ಕನೆಯದರಲ್ಲಿ. ಹಾಗಾಗಿ ದೇಶ ಅದನ್ನು ಸಂತೋಷದ ಹಾಡೆಂದು ತಿಳಿಯಿತು. ರೇಡಿಯೋದವನೊಬ್ಬ ತಟ್ಟೆ ಮಗುಚಿ ಹಾಕಿದ್ದೇ ತಡ, ಆ ಬೇಸಿಗೆ ಪೂರ್ತಿ ಮದುವೆ ಮನೆಗಳಲ್ಲೆಲ್ಲ ಅದೇ.

ಅವಳಿಗೆ ರೂಢಿ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಗೊತ್ತಿತ್ತು. ಅದು ಮಾವ ಇರುವ ಕೋಣೆಗೆ ಮಾತ್ರ ಅಂದುಕೊಂಡಿದ್ದಳು. ಸ್ಟುಡಿಯೋದಲ್ಲಿ ಮಾವ ಇರಲಿಲ್ಲವಲ್ಲ. ತಟ್ಟೆಯೊಂದು ಎಲ್ಲರ ಕೋಣೆಗೂ ನುಗ್ಗುತ್ತದೆ ಎಂಬುದು ಹದಿನೇಳರ ಹುಡುಗಿಯ ತಲೆಗೆ ಹೊಳೆಯಲಿಲ್ಲ. ಮಾವನಿಗೆ ಖುಷಿಯಾಗುತ್ತದೆಂದೇ ಅದನ್ನು ಕೆಂಪು ಕಾಗದದಲ್ಲಿ ಸುತ್ತಿ ತಂದಳು. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತುಕೊಂಡೇ ಕೇಳಿದ.

"ಚೆನ್ನಾಗಿದೆ ಮಗಾ. ಡ್ರಮ್ಮು ಸ್ವಲ್ಪ ಜೋರಾಯ್ತು," ಎಂದು ಹೇಳಿ ಹಾಲು ಕರೆಯಲು ಹೊರಟುಹೋದ.

ಆ ವರ್ಷದ ಸ್ಟೀಫನ್ ದಿನ ನನಗೆ ಚೆನ್ನಾಗಿ ನೆನಪಿದೆ. ಸೆಪ್ಟಾ ಬಿಳಿ ಬೂಟು ಹಾಕಿಕೊಂಡು ಬಂದಿದ್ದಳು, ಊರಿನ ಹುಡುಗಿಯರೆಲ್ಲ ಆ ಬೂಟನ್ನೇ ನೋಡುತ್ತಿದ್ದರು. ಬಾರ್ನಿ ಆಗಿನ್ನೂ ಬಿಸಿರಕ್ತದ ಯುವಕ. ತನ್ನ ಹಾಡು ಮುಗಿಸಿ ಮಾವನನ್ನು ಕರೆದ.

"ಫೆಲಿಮ್! ರೂಬಿ ಲೇನ್ ಹಾಡು ಹೇಳಪ್ಪಾ!"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹೆಮ್ಮೆಯದು. ಮಾವನೂ ನಕ್ಕು, ಟೋಪಿ ಮಂಡಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಶುರು ಮಾಡಿದ. ಎರಡನೇ ಸಾಲಿಗೇ ಇಡೀ ಮನೆ ಜೊತೆಗೂಡಿತು. ಒಬ್ಬ ಮೇಜಿನ ಮೇಲೆ ಡ್ರಮ್ ಬಡಿದ, ಹೆಂಗಸರು "ಲಾ ಲಾ" ಎಳೆದರು. ಮೂರು ಚರಣ ಮುಗಿದದ್ದೇ ಎಲ್ಲರೂ ಚಪ್ಪಾಳೆ ತಟ್ಟಿ ಗ್ಲಾಸು ಎತ್ತಿದರು, ತಟ್ಟೆಯಲ್ಲಿ ಹಾಡು ಅಲ್ಲಿಗೇ ಮುಗಿಯುತ್ತಿತ್ತಲ್ಲ. ನಾಲ್ಕನೇ ಚರಣದ ಮೊದಲ ಅಕ್ಷರಕ್ಕೆ ತೆರೆದ ಮಾವನ ಬಾಯಿ ಹಾಗೇ ಇತ್ತು. ಆಮೇಲೆ ಮುಚ್ಚಿದ. ನಾನು ಟೀ ಬಟ್ಟಲು ಹಿಡಿದು ಅಲ್ಲೇ ಇದ್ದೆ, ನೋಡಿದೆ. ಕಿಟಕಿಯ ಬಳಿ ನಿಂತಿದ್ದ ಸೆಪ್ಟಾಳೂ ನೋಡಿದಳು. ಅವಳ ಮುಖ ಅವಳ ಬೂಟಿಗಿಂತ ಬಿಳಿಯಾಗಿತ್ತು.

ಅದೇ ಕೊನೆ. ಮರುವರ್ಷದಿಂದ ಕರೆದಾಗೆಲ್ಲ ಮಾವ, "ಗಂಟಲು ಸರಿಯಿಲ್ಲ" ಅನ್ನುತ್ತಿದ್ದ. ಸಿಟ್ಟಿಲ್ಲ, ಸೆಡವಿಲ್ಲ. ಸೆಪ್ಟಾಳ ಕಾರ್ಯಕ್ರಮ ಟಿವಿಯಲ್ಲಿ ಬಂದರೆ ತಪ್ಪದೆ ನೋಡುತ್ತಿದ್ದ. ನಮ್ಮ ಜನ ಇದ್ದದ್ದನ್ನು ಇದ್ದ ಹಾಗೆ ಹೇಳುವವರಲ್ಲ, ಎಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಯಾರಾದರೂ ಆಗ ಬಾಯಿಬಿಟ್ಟು ಬೈದಿದ್ದರೆ ಅವಳು ಅತ್ತು, ಕಾಲು ಹಿಡಿದು, ಹಗುರಾಗುತ್ತಿದ್ದಳೋ ಏನೋ. ಯಾರೂ ಬೈಯಲಿಲ್ಲ. ಬೈಗುಳಕ್ಕಿಂತ ಅದು ದೊಡ್ಡ ಶಿಕ್ಷೆ.

ಅಲ್ಲಿಂದ ಅವಳು ಏರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬ್ಯಾಂಡುಗಳು ಬಾರಿಸುತ್ತಿದ್ದ ಡಾನ್ಸ್ ಹಾಲ್‌ಗಳು ಮುಚ್ಚಿದವು, ಟೂಹಿ ಸತ್ತ, ಅವಳ ಜೊತೆ ಶುರು ಮಾಡಿದ ಹುಡುಗಿಯರೆಲ್ಲ ಮದುವೆಯಾಗಿ ಮರೆಯಾದರು. ಇವಳು ಉಳಿದಳು. ಬಿಳಿ ಬೂಟು ಬಿಟ್ಟು ಉದ್ದ ಗೌನು ತೊಟ್ಟಳು, ನಾಟಕ ಕಲಿತಳು, ಜೋಕು ಹೇಳುವುದು ಕಲಿತಳು, ಟಿವಿಯಲ್ಲಿ ಭಾನುವಾರ ಸಂಜೆ ದೇಶದ ಮುದುಕಿಯರನ್ನೆಲ್ಲ ಮಾತಾಡಿಸಿ ನಗಿಸಿದಳು. ಹೊಸ ಹಾಡುಗಳು ನೂರಾರು ಬಂದವು. ಜನ ಮಾತ್ರ ಕಾರ್ಯಕ್ರಮದ ಕೊನೆಗೆ ಕಾಲು ಬಡಿದು ಕೂಗುತ್ತಿದ್ದದ್ದು ಒಂದನ್ನೇ, ದೋಣಿ, ದೋಣಿ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಎಂದು ನಾನು ಅವಳನ್ನು ಛೇಡಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಮದುವೆಯೊಂದು ಆಗಿತ್ತು, ಟ್ರಂಪೆಟ್ ಊದುವವನ ಜೊತೆ. ಅದು ಇಂಗ್ಲೆಂಡಿನಲ್ಲಿ ಮುರಿದುಬಿತ್ತು. ಮಕ್ಕಳಿಲ್ಲ. ಭಾನುವಾರ ಟೀ ಹೊತ್ತಿಗೆ ಯಾವುದೋ ಹೋಟೆಲ್ ಕೋಣೆಯಿಂದ ಫೋನು ಮಾಡುತ್ತಿದ್ದಳು.

"ಅಕ್ಕಾ, ಏನ್ಮಾಡ್ತಿದ್ದೀಯ?"

"ಆಲೂಗಡ್ಡೆ ಸುಲೀತಿದ್ದೀನಿ. ಇನ್ನೇನ್ಮಾಡ್ಲಿ, ರಾಣಿ ಹತ್ರ ಚಹಾಕ್ಕೆ ಹೋಗ್ಲಾ?"

"ಫೋನ್ ಅಲ್ಲೇ ಇಟ್ಟು ಸುಲಿ. ನಾನು ಕೇಳ್ತಿರ್ತೀನಿ."

ಹುಚ್ಚಿಯ ಹಾಗೆ ಅವಳು ಆ ಕಡೆ ಸುಮ್ಮನೆ ಕೂತಿರುತ್ತಿದ್ದಳು, ನಾನು ಈ ಕಡೆ ಚಾಕು ಆಡಿಸುತ್ತಿದ್ದೆ. ನಮ್ಮ ನಾಯಿ ಬೊಗಳಿದರೆ, "ಯಾರು ಬಂದ್ರು?" ಎಂದು ಕೇಳುತ್ತಿದ್ದಳು. ಸಾವಿರಾರು ಜನ ಒಟ್ಟಿಗೆ ಅವಳ ಹೆಸರು ಕೂಗುತ್ತಿದ್ದರು. ಅದು ಟೂಹಿ ಇಟ್ಟ ಹೆಸರು. ನನ್ನ ತಂಗಿಯಷ್ಟು ಒಂಟಿಯಾದ ಜೀವವನ್ನು ನಾನು ಇನ್ನೊಂದು ನೋಡಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ.

ಎಲ್ಲೇ ಇದ್ದರೂ ಸ್ಟೀಫನ್ ದಿನಕ್ಕೆ ಅವಳು ಮನೆಗೆ ಬರುತ್ತಿದ್ದಳು. ಬಂದು ಕಿಟಕಿಯ ಬಳಿಯ ಅದೇ ಕುರ್ಚಿಯಲ್ಲಿ, ಮಡಿಲಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಹಾಡಿನ ಸುತ್ತು ಶುರುವಾಗುತ್ತಿತ್ತು. ಬಾರ್ನಿ ಲೆಲಿಯಾಳನ್ನು ಕರೆಯುವನು, ಲೆಲಿಯಾ ಅವ್ವನನ್ನು, ಅವ್ವ ಇನ್ಯಾರನ್ನೋ. ಸೆಪ್ಟಾಳ ಹತ್ತಿರ ಬಂದಾಗ ಎಲ್ಲರ ಕಣ್ಣೂ ಅವಳನ್ನು ದಾಟಿ ಹೋಗುತ್ತಿತ್ತು. "ಪಾಪ, ವರ್ಷವಿಡೀ ಹಾಡಿ ದಣಿದಿರ್ತಾಳೆ, ಇವತ್ತೊಂದಿನ ಬಿಡಿ," ಅನ್ನುತ್ತಿದ್ದರು. ಅದು ಬಾಯಿಮಾತಿನ ಕಾರಣ. ನಿಜವಾದದ್ದು ಬೇರೆ: ಅವಳೆಂದರೆ ಒಂದೇ ಹಾಡು, ಆ ಹಾಡಿನ ಧಣಿ ಒಲೆಯ ಪಕ್ಕ ಕೂತಿದ್ದಾನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದೂ ಅಲ್ಲ ಇದು. ಆ ಕೋಣೆಯಲ್ಲಿ ಅವಳಿಗೆ ಹಾಡೇ ಇರಲಿಲ್ಲ.

ಒಮ್ಮೆ ಪಾತ್ರೆ ತೊಳೆಯುತ್ತ ಅವಳು ನನಗೆ ಹೇಳಿದಳು: "ಅಕ್ಕಾ, ನನಗೆ ಒಂದೇ ಒಂದು ಸಲ ಮಾವ ಕರೀಬೇಕು. ರೂಬಿ ಅಂತಲ್ಲ, ಸೆಪ್ಟಾ ಅಂತ. ಅಷ್ಟು ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ."

"ನೀನೇ ಹೋಗಿ ಕೇಳು."

"ಕೇಳಿ ಪಡೆಯೋದಲ್ಲ ಕಣೇ ಅದು."

ನಿಜ. ಕೇಳಿ ಪಡೆಯುವಂಥದ್ದಲ್ಲ.

ಹೀಗೇ ತಲೆಗೂದಲು ಹಣ್ಣಾದವು. ಅವ್ವ ಹೋದಳು. ಫೆಲಿಮ್ ಮಾವನಿಗೆ ತೊಂಬತ್ತಾಯಿತು. ಗುಡ್ಡದಾಚೆಯ ಮನೆ ಬಿಡಿಸಿ ಅವನನ್ನು ನಮ್ಮ ಮನೆಗೇ ತಂದುಕೊಂಡೆವು. ನನ್ನ ಗಂಡ ಮಲಕಿಗೂ ಅವನಿಗೂ ದನದ ಮಾತು, ಹವಾಮಾನದ ಮಾತು, ಹೊತ್ತು ಹೋಗುತ್ತಿತ್ತು. ಆ ವರ್ಷದ ಸ್ಟೀಫನ್ ದಿನ ಬಾರ್ನಿ ಎರಡು ವಿಸ್ಕಿ ಹೆಚ್ಚಾಗಿ ಏರಿಸಿದ್ದ. ಹಾಡು ಮುಗಿಸಿ, ಸುತ್ತ ನೋಡಿ, ನಾಲ್ಕು ದಶಕದಿಂದ ಯಾರೂ ಮಾಡದ ಕೆಲಸ ಮಾಡಿದ.

"ಫೆಲಿಮ್! ಸೊಸೆ ಹಾಡು ಹೇಳಯ್ಯಾ. ನಾಳೆ ಸತ್ತೋಗ್ತೀಯ, ಹೇಳ್ಬಿಟ್ಟು ಸಾಯಿ!"

ಲೆಲಿಯಾ ಅವನ ಪಕ್ಕೆಗೆ ತಿವಿದಳು. ಮಾವ ಹಿಂದಿನಂತೆಯೇ ಗಂಟಲು ಮುಟ್ಟಿಕೊಂಡ. ಅಷ್ಟರಲ್ಲಿ ಕಿಟಕಿಯ ಬಳಿ ತಟ್ಟೆ ಸದ್ದಾಯಿತು. ಸೆಪ್ಟಾ ಎದ್ದು ನಿಂತಿದ್ದಳು. ದೇಶವೆಲ್ಲ ಸದಾ ನಗುತ್ತ ನೋಡಿದ ಮುಖ ಸಿಟ್ಟಿನಿಂದ ನಡುಗುತ್ತಿತ್ತು.

"ಯಾವ ಸೊಸೆ ಹಾಡು, ಬಾರ್ನಿ? ನನಗೆ ಬರೋದು ಮೂರೇ ಚರಣ. ಮಿಕ್ಕಿದ್ದೆರಡು ಮರೆತೇ ಹೋಯ್ತು. ಈ ದೇಶದಲ್ಲಿ ಅದು ಯಾರಿಗೂ ಬರಲ್ಲ, ಒಬ್ಬರಿಗೆ ಬಿಟ್ಟು. ಹದಿನೇಳು ವಯಸ್ಸಲ್ಲಿ ಅವರ ಹಾಡು ಕದ್ದು, ಅರ್ಧ ಮುರಿದು, ಡ್ರಮ್ ಕಟ್ಟಿ ಮಾರಿದೆ ನಾನು. ನಿಮಗೆಲ್ಲ ಗೊತ್ತು. ಗೊತ್ತಿದ್ದೂ ನನಗೆ ಸ್ಯಾಂಡ್‌ವಿಚ್ ಕೊಟ್ಟು ಕೂರಿಸ್ತೀರಿ!"

ನಮ್ಮ ಮನೆಯಲ್ಲಿ ಅಂಥ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ. ಬಾರ್ನಿಯ ಅಮಲು ಜರ್ರನೆ ಇಳಿಯಿತು. ಮಾವ ಅವಳನ್ನು ನೋಡಿದ. ಆಮೇಲೆ ತಲೆಯ ಟೋಪಿ ತೆಗೆದ. ಮಂಡಿಗೆ ಸಿಕ್ಕಿಸಲು ಹೋದರೆ ಎರಡು ಸಲ ಜಾರಿ ಬಿತ್ತು. ಸೆಪ್ಟಾ ಹೋಗಿ ಅವನ ಕಾಲ ಬಳಿಯ ಮಣೆಯ ಮೇಲೆ ಕೂತು ಟೋಪಿಯನ್ನು ಸಿಕ್ಕಿಸಿ, ಅವನ ಕೈ ಹಿಡಿದುಕೊಂಡಳು.

ಅವನು ಮೊದಲಿನಿಂದ ಹಾಡಿದ. ದನಿ ಹರಿದ ಗೋಣಿಯ ಹಾಗಿತ್ತು. ಯಾರೂ ಜೊತೆಗೂಡಲಿಲ್ಲ, ಮೇಜಿನ ಮೇಲೆ ಯಾವ ಬೆರಳೂ ಅಲ್ಲಾಡಲಿಲ್ಲ. ಮೂರು ಚರಣ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾಲ್ಕನೆಯದಕ್ಕೆ ಮಂಜು ಬಂತು, ಎಲ್ಲೆನ್ ಹುಟ್ಟು ನಿಲ್ಲಿಸಿ ಕೂಗುತ್ತಾಳೆ, ಯಾವ ದಡ ಎಲ್ಲಿದೆಯೋ ತಿಳಿಯದು. ಐದನೆಯದರಲ್ಲಿ ಈ ದಡದಲ್ಲಿ ಅವಳ ಮನೆಯವರು ಲಾಟೀನು ಹಿಡಿದು ನಿಂತಿದ್ದಾರೆ, ಅವಳ ಕೂಗು ಕೇಳಿಸುತ್ತದೆ, ಕರೆಯಲು ಯಾರಿಗೂ ಬಾಯಿ ಬಾರದು. ಅಲ್ಲಿದ್ದ ಅರ್ಧ ಜನ ಅದನ್ನು ಮೊದಲ ಸಲ ಕೇಳುತ್ತಿದ್ದರು. ಸೆಪ್ಟಾ ಕಣ್ಣೀರು ಒರೆಸದೆ ಅವನ ಕೈಯನ್ನು ತಿರುಗಿಸುತ್ತಲೇ ಇದ್ದಳು. ಕೊನೆಯ ಸಾಲನ್ನು ಅವನು ಮಾತಿನಲ್ಲಿ ಆಡಿದ, ದನಕ್ಕೆ ನೀರು ಕುಡಿಸಿ ಬಾ ಎನ್ನುವಷ್ಟು ಸಹಜವಾಗಿ: "ಬೆಳಿಗ್ಗೆ ದೋಣಿ ಸಿಕ್ಕಿತು."

ಈಗ ಕರೆ ಅವನದು. ಅವನು ಅವಳ ಕೈ ಬಿಡದೆಯೇ ಹೇಳಿದ.

"ಸೆಪ್ಟಾ."

ಅವಳು ಎದ್ದಳು. ಮೂವತ್ತು ಸಾವಿರ ಜನರ ಮುಂದೆ ಬೆವರದವಳು ಲಂಗ ಹಿಡಿದ ಮಗುವಿನ ಹಾಗೆ ಸ್ಕರ್ಟನ್ನು ಮುದುರುತ್ತ ನಿಂತಳು. ಬಾಯಿ ತೆರೆದಳು, ಮುಚ್ಚಿದಳು.

"ನನ್ನ ಹತ್ರ ಹಾಡಿಲ್ಲ ಮಾವ."

ಬಾರ್ನಿ ಇದು ತಮಾಷೆ ಎಂದುಕೊಂಡು ಕಿಸಕ್ಕೆಂದ. ಮಾವ ನಗಲಿಲ್ಲ.

"ಹಾಗಾದ್ರೆ ಬರೋ ವರ್ಷಕ್ಕೆ ಒಂದು ಕಲ್ತುಕೊಂಡು ಬಾ, ಮಗಾ."

ಅವಳು ಅಂದು ಅತ್ತ ಹಾಗೆ, ನಕ್ಕ ಹಾಗೆ, ನಾನು ಹಿಂದೆಂದೂ ನೋಡಿರಲಿಲ್ಲ. ಅರವತ್ತೆರಡು ವಯಸ್ಸಿನ ಹೆಂಗಸು.

ಆ ವರ್ಷವೆಲ್ಲ ಅವಳು ಬೇರೆಯೇ ಹೆಂಗಸು. ಭಾನುವಾರದ ಫೋನಿನಲ್ಲಿ ಮಾತೇ ಮಾತು. ಹಾಡು ಹುಡುಕುತ್ತಿದ್ದೇನೆ ಅಂದಳು. ಸಿಕ್ಕಿತು ಅಂದಳು. ಸರಿಯಿಲ್ಲ, ಬೇರೆ ನೋಡುತ್ತೇನೆ ಅಂದಳು. ಬೇಸಿಗೆ ಮುಗಿಯುವ ಹೊತ್ತಿಗೆ, "ಆಯ್ತು ಅಕ್ಕಾ, ಕಲ್ತೆ," ಅಂದಳು.

"ಯಾವುದೇ? ಒಂದು ಸಾಲು ಹೇಳೇ."

"ಹೇಳಲ್ಲ ಹೋಗೇ. ಮಾವನ ಮುಂದೆ ಮೊದಲು."

ಆ ವರ್ಷ ಯಾವ ವೇದಿಕೆಯಲ್ಲೂ ಅವಳು ದೋಣಿಯ ಹಾಡು ಹಾಡಲಿಲ್ಲ. ಜನ ಕಾಲು ಬಡಿದು ಕೂಗಿದರೆ, "ಅದರ ಧಣಿ ಬದುಕಿದ್ದಾರೆ, ಹೋಗಿ ಅವರನ್ನೇ ಕೇಳಿ" ಅನ್ನುತ್ತಿದ್ದಳು. ಜನ ಇದೂ ಒಂದು ಜೋಕೆಂದು ನಗುತ್ತಿದ್ದರು, ಆಮೇಲೆ ಗೊಣಗುತ್ತ ಮನೆಗೆ ಹೋಗುತ್ತಿದ್ದರು.

ನವೆಂಬರಿನಲ್ಲಿ ಫೆಲಿಮ್ ಮಾವ ತೀರಿಕೊಂಡ. ಬೆಳಗಿನ ಗಂಜಿ ಅರ್ಧ ತಿಂದು, "ಸಾಕು" ಎಂದು ಚಮಚ ಇಟ್ಟವನು ಹಾಗೇ ಕಣ್ಣು ಮುಚ್ಚಿದ. ಅಷ್ಟು ಸಂಕೋಚದ ಮನುಷ್ಯನ ಮಣ್ಣಿಗೆ ನಾಲ್ಕು ಜಿಲ್ಲೆಯ ಜನ ಸೇರಿದರು. ಮಾವನನ್ನು ನೋಡಲು ಅಲ್ಲ, ರೂಬಿ ಲೇನಳನ್ನು ನೋಡಲು. ಪಾದ್ರಿಗಳು ಬಂದು, "ಅವರ ಹಾಡನ್ನೇ ಚರ್ಚಲ್ಲಿ ಹಾಡಮ್ಮ, ಎಷ್ಟು ಚೆನ್ನಾಗಿರುತ್ತೆ" ಅಂದರು. ಸೆಪ್ಟಾ ಶವಪೆಟ್ಟಿಗೆ ತೋರಿಸಿ, "ಹಾಡಿನವರು ಕೋಣೆಯಲ್ಲೇ ಇದ್ದಾರಲ್ಲ ಫಾದರ್" ಅಂದಳು. ಎಷ್ಟು ದೊಡ್ಡಸ್ತಿಕೆ ನೋಡಿ ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು. ಸ್ಮಶಾನದ ಗೇಟಿನಲ್ಲಿ ಒಬ್ಬಾಕೆ ಮಾವನ ಫೋಟೋ ಇದ್ದ ಸ್ಮರಣೆಯ ಚೀಟಿ ಮುಂದೆ ಚಾಚಿ, ಅದರ ಮೇಲೆ ರುಜು ಹಾಕಿಕೊಡಿ ಎಂದು ಕೇಳಿದಳು. ನನಗೆ ಅವಳ ಕೆನ್ನೆಗೆ ಬಿಗಿಯಬೇಕು ಅನಿಸಿತು. ಸೆಪ್ಟಾ ಪೆನ್ನು ತೆಗೆದುಕೊಂಡಳು, ನಗುಮುಖ ಮಾಡಿದಳು, ರೂಬಿ ಲೇನ್ ಎಂದು ಬರೆದು ಕೊಟ್ಟಳು.

ಸ್ಟೀಫನ್ ದಿನಕ್ಕೆ ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಬಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ವೇದಿಕೆ ಹತ್ತುವ ದಿನ ಅವಳು ತಿನ್ನುವುದಿಲ್ಲ, ನನಗೆ ಗೊತ್ತು. ಬಿಸಿನೀರಿಗೆ ಜೇನು ಹಾಕಿ ಕುಡಿದಳು. ಕಿಟಕಿಯ ಬಳಿ ಕೂತು, ಕೈ ಗಂಟಲ ಮೇಲಿಟ್ಟುಕೊಂಡಳು. ಒಲೆಯ ಪಕ್ಕದ ಮಾವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಬೆಕ್ಕೊಂದು ಮಲಗಿತ್ತು.

ಸುತ್ತು ಶುರುವಾಯಿತು. ಲೆಲಿಯಾ ಹಾಡಿ ಮಲಕಿಯನ್ನು ಕರೆದಳು. ಮಲಕಿ ಹಾಡಿ ತನ್ನ ಅಣ್ಣನನ್ನು ಕರೆದ. ಒಬ್ಬೊಬ್ಬರ ಹಾಡು ಮುಗಿದಾಗಲೂ ಸೆಪ್ಟಾಳ ಬೆನ್ನು ನೆಟ್ಟಗಾಗುತ್ತಿತ್ತು, ಹೆಸರು ಬೇರೆಯವರದ್ದು ಬಂದಾಗ ಸ್ವಲ್ಪ ಬಾಗುತ್ತಿತ್ತು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. "ಮಾವ ಹೋದ ದುಃಖ, ಅವಳನ್ನ ಎಬ್ಬಿಸೋದು ಬೇಡ" ಎಂದು ಲೆಲಿಯಾ ನನ್ನ ಕಿವಿಯಲ್ಲೂ ಊದಿದ್ದಳು. ದಾಕ್ಷಿಣ್ಯ ಎಂಬುದು ಎಂಥ ಕಲ್ಲುಗೋಡೆ ಎಂದು ನನಗೆ ಅಂದು ತಿಳಿಯಿತು. ಹೊರಗೆ ಕತ್ತಲಾಗುತ್ತ ಬಂತು, ಕೆರೆ ಕಾಣದಾಯಿತು. ಕೊನೆಗೆ ಬಾರ್ನಿ ಹಾಡಿದ. ಸುತ್ತ ಕಣ್ಣಾಡಿಸಿದ. ಅವನ ನೋಟ ಸೆಪ್ಟಾಳ ಮೇಲೆ ಒಂದು ಗಳಿಗೆ ನಿಂತಿತು. ದಾಟಿಹೋಯಿತು.

"ಎಲ್ಲರದ್ದೂ ಆಯ್ತಲ್ಲ," ಅಂದ. "ಅಟ್ರಾಕ್ಟ, ಟೀ ಇಡಮ್ಮಾ."

ಸೆಪ್ಟಾ ಗಂಟಲ ಮೇಲಿನ ಕೈಯನ್ನು ತೆಗೆದು ಮಡಿಲಿಗೆ ಇಟ್ಟುಕೊಂಡಳು. ನನ್ನ ಕಡೆ ನೋಡಿ, ಸ್ಮಶಾನದ ಗೇಟಿನಲ್ಲಿ ನಕ್ಕಳಲ್ಲ, ಅದೇ ನಗು ನಕ್ಕಳು.

ನಾನು ಕೆಟಲನ್ನು ಒಲೆಯಿಂದ ಇಳಿಸಿದೆ. ಇಳಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡು, "ಬಾರ್ನಿ ಫೀನಿ, ಎಲ್ಲರದ್ದೂ ಆಗಿಲ್ಲ. ನನ್ನನ್ನ ಕರಿ" ಅಂದೆ.

"ನಿನ್ನನ್ನಾ?"

"ಯಾಕೆ, ನಾನೇನು ಈ ಮನೆಯವಳಲ್ವಾ? ಕರಿಯೋ ಮಾರಾಯ!"

"ಅ... ಅಟ್ರಾಕ್ಟ," ಅಂದ ಅವನು, ಹೆದರಿ.

ನಾನು ಹಾಡಿದೆ. ನನಗೆ ಬರುತ್ತಿದ್ದದ್ದು ಅದೊಂದೇ, ಮೇ ತಿಂಗಳ ಮಾತೆ ಮರಿಯಳ ಹಾಡು, ಅದೂ ತುಟಿಯಲ್ಲಿ ಮಾತ್ರ ಕಲಿತದ್ದು. ರಾಗ ಎತ್ತಲೋ ಹೋಯಿತು, ನಾನು ಎತ್ತಲೋ ಹೋದೆ. ಬೆಕ್ಕು ಎದ್ದು ಹೊರಗೆ ನಡೆಯಿತು. ಮಲಕಿ ಕಣ್ಣು ಮುಚ್ಚಿಕೊಂಡ; ಭಕ್ತಿಯಿಂದಲ್ಲ. ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದವು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು, ಆದರೂ ಒಂದು ಚರಣವನ್ನೂ ಬಿಡಲಿಲ್ಲ. ಕತ್ತರಿಸಿ ಹಾಡುವುದರಿಂದ ನಮ್ಮ ಮನೆಗೆ ಆದದ್ದು ಸಾಕಾಗಿತ್ತು. ಕೊನೆಯ ಸಾಲನ್ನು ಮಾತಿನಲ್ಲಿ ಆಡಿ ಮುಗಿಸಿದೆ, ಅದೊಂದು ಮಾತ್ರ ಸರಿಯಾಗಿ ಬಂತು.

ಹಾಡು ಎಂಥದ್ದೇ ಆಗಲಿ, ಹಾಡಿದವರಿಗೆ ಕರೆಯುವ ಹಕ್ಕು. ಅರವತ್ತೈದು ತುಂಬಿದ ಮೇಲೆ ಮೊದಲ ಸಲ ಅದು ನನ್ನ ಕೈಗೆ ಬಂದಿತ್ತು.

"ಸೆಪ್ಟಾ," ಅಂದೆ.

ಅವಳು ಎದ್ದಳು. ವೇದಿಕೆಯ ಮೇಲೆ ಅವಳು ಯಾವತ್ತೂ ಕಣ್ಣು ತೆರೆದು, ಕಟ್ಟಕಡೆಯ ಸಾಲಿನವರನ್ನು ನೋಡುತ್ತ ಹಾಡುವವಳು. ಅಂದು ಕಣ್ಣು ಮುಚ್ಚಿದಳು. ಮೈಕು ಹಿಡಿದು ರೂಢಿಯಾದ ಬಲಗೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತ್ತು. ನಾನು ಹೋಗಿ ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಮೆಲ್ಲಗೆ ತಿರುಗಿಸತೊಡಗಿದೆ, ಅವಳು ಹಾಡತೊಡಗಿದಳು.

ಅದು ಯಾವ ಹಾಡು, ಎಷ್ಟು ಚರಣ, ಯಾರ ಕಥೆ ಎಂದು ಪಕ್ಕದ ಊರಿನವರು ನನ್ನನ್ನು ಈಗಲೂ ಕೇಳುತ್ತಾರೆ. ಟಿವಿಯವರೂ ಒಮ್ಮೆ ಫೋನು ಮಾಡಿದ್ದರು. ನಾನು ಹೇಳುವುದಿಲ್ಲ. ಅದು ಸೆಪ್ಟಾಳದು. ಬೇಕಾದವರು ಸ್ಟೀಫನ್ ದಿನ ಬಂದು ಒಲೆಯ ಮುಂದೆ ಕೂತು, ಅವಳನ್ನು ಯಾರಾದರೂ ಕರೆಯುವವರೆಗೆ ಕಾಯಲಿ. ಬೇರೆ ಯಾರೂ ಕರೆಯದಿದ್ದರೆ, ಪಾಪ, ಮೊದಲು ನನ್ನ ಹಾಡು ಕೇಳಬೇಕಾಗುತ್ತದೆ.